ಮಾಪ್‌ನ ಹದಿನೆಂಟು ಉಗುರುಗಳು

ಕೈಯಿಂದ ಉಗುರು ಕತ್ತರಿ ಜಾರಿ ನೆಲಕ್ಕೆ ಬಿದ್ದರೆ ಎಷ್ಟು ಸದ್ದಾದೀತು? ಒಂದು ಠಣ್, ಅಷ್ಟೇ. ಆದರೆ ಆ ಶನಿವಾರ ಬೆಳಗ್ಗೆ ಎಂಟಕ್ಕೆ ಆರ್ಲಿನ್ ಬಾಕನ್‌ನ ಅಡುಗೆಮನೆಯಲ್ಲಿ ಕೇಳಿದ ಒಂದು ಠಣ್ ಹದಿಮೂರು ದಿನದ ತಪಸ್ಸನ್ನು ನುಂಗಿ ನೀರು ಕುಡಿಯಿತು. ಸಂಜೆಯ ಹೊತ್ತಿಗೆ ಅವನ ಅರ್ಧ ತಲೆಗೂದಲು ಹೋಯಿತು, ಚರ್ಚಿನಲ್ಲಿದ್ದ ಒಳ್ಳೆಯ ಹೆಸರೂ ಹೋಯಿತು. ಎಲ್ಲಕ್ಕೂ ಮೊದಲು ಹೋದದ್ದು ಮಾಪ್. ಬಟ್ಟೆ ಒಗೆಯುವ ಯಂತ್ರದ ಹಿಂದಕ್ಕೆ.

ಮಾಪ್ ಎಂದರೆ ನಾಯಿ. ದಿಕ್ಕಿಲ್ಲದ ನಾಯಿಗಳನ್ನು ಸಾಕುವ ಆಶ್ರಯದವರು ಇಟ್ಟ ಹೆಸರು. ಕಂಡವರು ಬೇರೆ ಹೆಸರಿಡುವಂತೆಯೂ ಇರಲಿಲ್ಲ; ನೆಲ ಒರೆಸಿ ಒರೆಸಿ ಬಣ್ಣಗೆಟ್ಟ ಹಳೆಯ ಮಾಪಿಗೆ ನಾಲ್ಕು ಕಾಲು ಬಂದರೆ ಹೇಗೋ ಹಾಗಿತ್ತು. ಎಪ್ಪತ್ತು ಮೈಲಿ ಆಚೆ, ಯಾವುದೋ ಮರದ ಮಿಲ್ಲಿನ ಹಿಂದೆ ಹೊಟ್ಟಿನ ಗುಡ್ಡೆಯಲ್ಲಿ ಸಿಕ್ಕಿದ್ದಂತೆ. ಕೂದಲೆಲ್ಲ ಜಡೆಗಟ್ಟಿ, ಅಂಟು ಮೆತ್ತಿ, ಕಣ್ಣು ಎಲ್ಲಿದೆ, ಬಾಲ ಎಲ್ಲಿದೆ ಎಂದು ತಿಳಿಯಬೇಕಾದರೆ ಚೀಸ್ ಚೂರು ಹಿಡಿದು ನೋಡಬೇಕು. ಯಾವ ತುದಿ ಹತ್ತಿರ ಬರುತ್ತದೋ ಅದು ಮುಖ. ಮದ್ದು ಕೊಟ್ಟು ಮಲಗಿಸಿ ಕತ್ತರಿಸೋಣವೆಂದರೆ ಅದರ ಎದೆ ತಡೆಯುವುದಿಲ್ಲ ಎಂದಿದ್ದರು ಪಶುವೈದ್ಯರು. ಮನೆಯಲ್ಲೇ, ಎಚ್ಚರದಲ್ಲೇ, ಪ್ರೀತಿಯಿಂದಲೇ ಆಗಬೇಕು. ಆದರೆ ಬಾಚಣಿಗೆ ಕಂಡರೆ ಮಾಪ್‌ಗೆ ಯಮನನ್ನು ಕಂಡಂತೆ.

ಅಂಥದ್ದಕ್ಕೆ ತಕ್ಕವನೇ ಆರ್ಲಿನ್. ಊರಿನ ಗ್ರಂಥಾಲಯದಲ್ಲಿ ಮೂವತ್ತೊಂದು ವರ್ಷ ಕೂತು, ಪುಸ್ತಕ ತಡವಾಗಿ ತಂದವರಿಗೆ ದಂಡ ಹಾಕುವ ಬದಲು ತಾನೇ ಕ್ಷಮೆ ಕೇಳಿ ನಿವೃತ್ತನಾದ ಒಂಟಿ ಮನುಷ್ಯ. ಆಶ್ರಯದವರು ಕೊಟ್ಟ ಹಾಳೆಯಲ್ಲಿ ಬರೆದಂತೆ ಅಕ್ಷರ ತಪ್ಪದೆ ನಡೆದಿದ್ದ. ಮೊದಲ ದಿನ ಕತ್ತರಿಯನ್ನು ನೆಲದ ಮೇಲೆ ಇಡು, ಚೀಸ್ ಕೊಡು. ಎರಡನೆಯ ದಿನ ಒಂದು ಗೇಣು ಹತ್ತಿರ ಇಡು, ಚೀಸ್ ಕೊಡು. ಹೀಗೆ ಹತ್ತು ದಿನಕ್ಕೆ ಕತ್ತರಿ ಉಗುರನ್ನು ಮುಟ್ಟಿತು. ಹನ್ನೆರಡಕ್ಕೆ ಒಂದು ಉಗುರು, ಹದಿಮೂರಕ್ಕೆ ಇನ್ನೊಂದು. ಹದಿನೆಂಟರಲ್ಲಿ ಎರಡಾಯಿತು! ಆ ಎರಡು ಉಗುರಿನ ಚೂರನ್ನು ಎಸೆಯಲು ಮನಸ್ಸು ಬಾರದೆ ಆರ್ಲಿನ್ ಒಂದು ಲೋಟದಲ್ಲಿ ಹಾಕಿಟ್ಟಿದ್ದ.

ಹದಿನಾಲ್ಕನೆಯ ದಿನ, ಮೂರನೆಯ ಉಗುರಿಗೆ ಕತ್ತರಿ ಹಿಡಿದಾಗ ಫೋನು ಬಡಿದುಕೊಂಡಿತು. ಠಣ್.

"ಆರ್ಲಿನ್ ಅವರೇ, ನಾನು ಜೊಲೀನ್, ಆಶ್ರಯದಿಂದ. ಮುಂದಿನ ಶನಿವಾರ ಬರಬೇಕಿತ್ತಲ್ಲ, ಇವತ್ತೇ ಮೂರು ಗಂಟೆಗೆ ಬಂದುಬಿಡ್ತೀನಿ. ಕಂಕುಳಲ್ಲಿ ಜಡೆಗಟ್ಟಿರೋ ಆ ಕೂದಲ ಗಂಟು ಚರ್ಮ ಎಳೀತಿದೆ, ಇನ್ನು ಕಾಯೋ ಹಾಗಿಲ್ಲ. ಗಂಟು, ಉಗುರು ಎರಡೂ ನಿಮ್ಮ ಕೈಲಿ ಆಗಿದ್ರೆ ಮಾಪ್ ನಿಮ್ಮವನೇ, ಕಾಗದ ತಂದಿರ್ತೀನಿ, ಸಹಿ ಹಾಕಿ ಮುಗೀತು. ಆಗಿಲ್ಲಾಂದ್ರೆ ಡುಲೂತ್‌ನಲ್ಲಿ ಇದೇ ಕೆಲಸ ಮಾಡೋ ಒಬ್ಬಳಿದ್ದಾಳೆ, ಅವಳ ಹತ್ರ ಇವತ್ತೇ ಕರಕೊಂಡು ಹೋಗ್ತೀನಿ. ಆಮೇಲೆ ಅವನು ಅಲ್ಲೇ. ಆಗಬಹುದಾ?"

ಇನ್ನೊಂದು ವಾರ ಕೊಡಿ ಎನ್ನಬೇಕಿತ್ತು. ಆದರೆ ಸರೋವರದ ದಂಡೆಯ ಟ್ರೋನೆಸ್ ಊರಿನಲ್ಲಿ ಯಾರೂ ಯಾರಿಗೂ 'ಬೇಡ', 'ಆಗಲ್ಲ' ಎಂದ ದಾಖಲೆಯಿಲ್ಲ. ಅಲ್ಲಿ ಮನೆಗೆ ಬೆಂಕಿ ಬಿದ್ದರೂ ಜನ 'ಸ್ವಲ್ಪ ಬೆಚ್ಚಗಿದೆ' ಎನ್ನುತ್ತಾರೆ. ತೀರಾ ಒಪ್ಪಿಗೆಯಾಗದ ಮಾತಿಗೆ, ಮೈಯೆಲ್ಲ ಉರಿದುಹೋಗುವ ಮಾತಿಗೆ, ಅವರು ಆಡುವ ಅತಿ ಕಟುವಾದ ಉತ್ತರ ಒಂದೇ.

"ಹಾಗೂ ಮಾಡಬಹುದು," ಎಂದ ಆರ್ಲಿನ್.

ಫೋನಿಟ್ಟು ಯಂತ್ರದ ಹಿಂದೆ ಬಗ್ಗಿ ನೋಡಿದ. ಕತ್ತಲಲ್ಲಿ ಎರಡು ಕಣ್ಣು ಪಿಳಿಪಿಳಿ ಎಂದವು. ಐದು ವಾರದ ಹಿಂದೆ ಈ ಮನೆಗೆ ಬಂದ ಮೊದಲ ರಾತ್ರಿ ಮಾಪ್ ಹೀಗೇ ಅಡಗಿತ್ತು. ಈಗ ಬೆಳಗ್ಗೆ ಅವನ ಚಪ್ಪಲಿಯ ಮೇಲೆ ಗಲ್ಲವಿಟ್ಟು ಕಾಫಿ ಮುಗಿಯುವವರೆಗೂ ಅಲ್ಲಾಡದೆ ಮಲಗುತ್ತದೆ. ಅರವತ್ಮೂರು ವರ್ಷದಲ್ಲಿ ಆರ್ಲಿನ್‌ನ ಕಾಲ ಮೇಲೆ ಯಾರೂ ಗಲ್ಲ ಇಟ್ಟವರಲ್ಲ. ಡುಲೂತ್ ಎಂದು ನೆನೆದೊಡನೆ ಅವನ ಎದೆಯೊಳಗೆ ಏನೋ ಕಿತ್ತು ಬಂದಂತಾಯಿತು.

ಅದೇ ದುಗುಡದಲ್ಲಿ ಹಿತ್ತಲಿಗೆ ಹೋದದ್ದು ಅವನ ಎರಡನೆಯ ತಪ್ಪು. ಓಣಿಯಾಚೆ ಕಟ್ಟಿಗೆ ಸೀಳುತ್ತಿದ್ದ ಐನೊ ಕಿವೆಲಾ ಕೊಡಲಿ ಇಳಿಸಿ ಕೇಳಿದ:

"ಏನಯ್ಯಾ ಆರ್ಲಿನ್, ಮುಖ ಬಾಡಿದ ಬದನೇಕಾಯಿ ಹಾಗಿದೆ?"

ಆರ್ಲಿನ್ ಹೇಳಿಬಿಟ್ಟ.

"ಅಷ್ಟೇನಾ! ಮಾರಾಯಾ, ನಾಯಿಗೂ ನರ ಇರತ್ತೆ, ನಮಗೂ ನರ ಇರತ್ತೆ. ನರ ಸಡಿಲ ಆಗಬೇಕು. ಸೌನಾ! ನಮ್ಮಜ್ಜ ಹುಟ್ಟಿದ್ದು ಸೌನಾದಲ್ಲಿ, ನಮ್ಮಪ್ಪ ಹುಟ್ಟಿದ್ದು ಸೌನಾದಲ್ಲಿ. ಬೆಳಗ್ಗೆಯಿಂದ ಸಣ್ಣಗೆ ಉರಿ ಹಾಕಿದ್ದೀನಿ. ಕರಕೊಂಡು ಬಾ. ಜಡೆಯೂ ಮೆತ್ತಗಾಗತ್ತೆ, ಜೀವವೂ ಮೆತ್ತಗಾಗತ್ತೆ."

ಬೇಡ ಎಂದು ನಾಲಗೆಯ ತುದಿಯವರೆಗೂ ಬಂತು.

"ಹಾಗೂ ಮಾಡಬಹುದು."

ಹಿತ್ತಲ ಆ ಪುಟ್ಟ ಹಬೆಮನೆಯಲ್ಲಿ ಬಟ್ಟೆ ಹಾಕಿಕೊಂಡು ಕೂರುವುದು ಐನೊ ಪ್ರಕಾರ ದೇವರಿಗೆ ಮಾಡುವ ಅವಮಾನ. ಹಾಗಾಗಿ ಆರ್ಲಿನ್ ಸೊಂಟಕ್ಕೊಂದು ಟವೆಲ್ ಸುತ್ತಿ, ಚೀಸ್ ತೋರಿಸಿ ಹೊರಗೆಳೆದ ಮಾಪ್ ಅನ್ನು ತೊಡೆಯ ಮೇಲಿಟ್ಟುಕೊಂಡು ಕೆಳಗಿನ ಹಲಗೆಯ ಮೇಲೆ ಕೂತ. ನಿಜ ಹೇಳಬೇಕೆಂದರೆ ಮೊದಲ ಐದು ನಿಮಿಷ ಎಲ್ಲ ಚೆನ್ನಾಗಿತ್ತು. ಹದವಾದ ಶಾಖ. ಮಾಪ್ ಮೈ ಸಡಿಲ ಬಿಟ್ಟಿತು. ಅಂಟು ಕರಗಿ ಅದರ ಮೈಯಿಂದ ಕಂದು ನೀರು ಇಳಿಯತೊಡಗಿತು. ಆರ್ಲಿನ್ ಬಾಚಣಿಗೆ ಎತ್ತಿದ. ಮಾಪ್ ಸುಮ್ಮನಿತ್ತು. ಐನೊನನ್ನು ಇಂಥ ಗಳಿಗೆಯಲ್ಲಿ ಅರವತ್ತು ವರ್ಷದ ಅಭ್ಯಾಸ ಕೈ ಬಿಡಲಿಲ್ಲ. ಸೌಟು ತುಂಬ ನೀರು ಎತ್ತಿ ಕಾದ ಕಲ್ಲುಗಳ ಮೇಲೆ ಸುರಿದೇಬಿಟ್ಟ.

ಭುಸ್ಸ್ಸ್!

ಮಾಪ್ ಬಾಗಿಲಿಗೆ ನುಗ್ಗಿತು. ಹೋಗುವಾಗ ಹಿಂಗಾಲಿನ ಉಗುರಿಗೆ ಸಿಕ್ಕಿದ್ದನ್ನು ಎಳೆದುಕೊಂಡೇ ಹೋಯಿತು. ಸಿಕ್ಕಿದ್ದು ಟವೆಲ್. ಹದಿನಾರು ಉಗುರು ಉಳಿದಿದ್ದರ ಫಲ ಆರ್ಲಿನ್‌ಗೆ ಆಗಲೇ ಗೊತ್ತಾದದ್ದು. "ಮಾಪ್! ಮಾಪ್!" ಎಂದು ಹಬೆಯಲ್ಲಿ ಮೈಗೆ ಬಡಿದುಕೊಳ್ಳಲು ಐನೊ ಇಟ್ಟಿದ್ದ ಬರ್ಚ್ ಸೊಪ್ಪಿನ ಕಟ್ಟನ್ನು ಮುಂದೆ ಹಿಡಿದು ಓಣಿ ದಾಟಿ ಓಡಿದ. ಮುಂದಿನದೇನೋ ಮುಚ್ಚಿತ್ತು. ಹಿಂದಿನದಕ್ಕೆ ಸೊಪ್ಪು ಸಾಲಲಿಲ್ಲ. ಮತ್ತು ಹಿಂದೆ ಇದ್ದದ್ದು ಮಾರ್ಡೆಲ್ ಹಾಗ್ಲಂಡ್‌ಳ ಅಡುಗೆಮನೆಯ ಕಿಟಕಿ.

ಮಾಪ್‌ನ ಹಿಂದೆಯೇ ಆರ್ಲಿನ್ ಮನೆ ಸೇರಿ ಪ್ಯಾಂಟು ಏರಿಸುವಷ್ಟರಲ್ಲಿ ಬಾಗಿಲು ಬಡಿಯಿತು.

ಮಾರ್ಡೆಲ್ ಪಕ್ಕದ ಮನೆಯವಳು. ಚರ್ಚಿನ ಹೆಂಗಸರ ಸಂಘಕ್ಕೆ ಇಪ್ಪತ್ತು ವರ್ಷದಿಂದ ಅಧ್ಯಕ್ಷೆ. ಚುನಾವಣೆ ನಡೆದದ್ದು ಯಾರಿಗೂ ನೆನಪಿಲ್ಲ. ಕೈಯಲ್ಲಿ ಒಂದು ಗುಲಾಬಿ ಬಣ್ಣದ ಪೆಟ್ಟಿಗೆ. ಹಿಂದೆ ಐನೊ.

"ಇವತ್ತು ನಾನು ಏನು ನೋಡಿದೆ ಅಂತ ಕೇಳಬೇಡ ಆರ್ಲಿನ್. ನೋಡಿಲ್ಲ ಅಂತಲೇ ಇಟ್ಟುಕೋ. ಐನೊ ಎಲ್ಲ ಹೇಳಿದ. ಅಲ್ಲಯ್ಯಾ, ಪಕ್ಕದಲ್ಲಿ ನಾನಿರುವಾಗ ಈ ಕಟ್ಟಿಗೆ ಕಡಿಯೋನ ಹತ್ರ ಬುದ್ಧಿ ಕೇಳ್ತೀಯಲ್ಲ?"

"ಹಬೆ ಹಾಕದೆ ಇದ್ರೆ ಅದು ಸೌನಾನೇ ಅಲ್ಲ," ಎಂದು ಐನೊ ಗೊಣಗಿದ.

ಮಾರ್ಡೆಲ್ ಪೆಟ್ಟಿಗೆ ತೆರೆದಳು. ಒಂಬತ್ತು ನಮೂನೆಯ ಬಾಚಣಿಗೆ, ಕೂದಲು ಕತ್ತರಿಸುವ ಯಂತ್ರ, ಪೌಡರು, ರಿಬ್ಬನ್ನು, ಲ್ಯಾವೆಂಡರ್ ನೀರಿನ ಸೀಸೆ. "ನನ್ನ ಡ್ಯೂಕ್‌ನದು. ಎರಡು ವರ್ಷದಿಂದ ಮುಚ್ಚಳ ತೆಗೆದಿರಲಿಲ್ಲ," ಎಂದು ಕಣ್ಣೊರೆಸಿಕೊಂಡು ಸೀಸೆಯನ್ನು ಗಾಳಿಗೆ ಎರಡು ಸಲ ಒತ್ತಿದಳು.

ಆ ವಾಸನೆ ಬಡಿದದ್ದೇ ತಡ, ಸೋಫಾದ ಪಕ್ಕ ಮೈ ನೆಕ್ಕಿಕೊಳ್ಳುತ್ತಿದ್ದ ಮಾಪ್ ಮೂಗಿನಿಂದ ಬಾಲದವರೆಗೆ ಗಡಗಡ ನಡುಗಿ, ಸೋಫಾದ ಕೆಳಗೆ ತೆವಳಿ, ಗೋಡೆಗೆ ಮೈ ಅಂಟಿಸಿ ಕೂತಿತು. ಹಾಗೆ ನೋಡಿದರೆ ಬಂದ ದಿನದಿಂದಲೂ ಅದು ಹಿತ್ತಲಲ್ಲಿ ಮಾರ್ಡೆಲ್‌ಳ ಬೇಲಿಯ ಕಡೆಗೆ ಉಚ್ಚೆಗೂ ಹೋದದ್ದಿಲ್ಲ.

"ಅಯ್ಯೋ ಪಾಪ, ನೋಡ್ರೋ ಹೆಂಗೆ ನಡುಗ್ತಿದೆ! ಯಾವ ಪಾಪಿ ಹೆಂಗಸಿನ ಕೈಗೆ ಸಿಕ್ಕಿತ್ತೋ ಏನೋ. ಕೆಲವರಿಗೆ ನಾಯಿ ಸಾಕೋ ಯೋಗ್ಯತೆಯೇ ಇರಲ್ಲ," ಎಂದಳು ಮಾರ್ಡೆಲ್. "ನನ್ನ ಡ್ಯೂಕ್ ಇದ್ದ ನೋಡು, ಪ್ರತಿ ಶನಿವಾರ ಒಂಬತ್ತರಿಂದ ಒಂದರವರೆಗೆ. ಸ್ನಾನ, ಬಾಚೋದು, ಪೌಡರು, ಕಿವಿಗೊಂದು ರಿಬ್ಬನ್ನು. ಕಂಬ ನಿಂತ ಹಾಗೆ ನಿಂತಿರೋನು. ಒಂದು ಸಲ ಕುಂಯ್ ಅಂದೋನಲ್ಲ. ಊಟದ ಮುಂಚೆ ನಾನು ಪ್ರಾರ್ಥನೆ ಶುರು ಮಾಡಿದ್ರೆ ಹಿಂಗಾಲ ಮೇಲೆ ಎದ್ದು ನಿಂತು ಮುಂದಿನ ಎರಡು ಪಾದ ಜೋಡಿಸೋನು. ಆಮೆನ್ ಅನ್ನೋವರೆಗೂ ಇಳೀತಿರಲಿಲ್ಲ. ಅಂಥವನನ್ನು ಆ ಹಾಳು ಹದ್ದು..."

ಊರಿಗೆಲ್ಲ ಗೊತ್ತಿದ್ದ ಕತೆ. ಎರಡು ವರ್ಷದ ಹಿಂದೆ ಒಂದು ಶನಿವಾರ, ಒಂಬತ್ತಕ್ಕೆ ಐದು ನಿಮಿಷ ಇರುವಾಗ, ಹಿತ್ತಲಲ್ಲಿದ್ದ ಡ್ಯೂಕ್‌ನನ್ನು ಬಿಳಿತಲೆಯ ಹದ್ದೊಂದು ಎತ್ತಿಕೊಂಡು ಸರೋವರದ ಮೇಲೆ ಹಾರಿಹೋಯಿತು. ಮಾರ್ಡೆಲ್ ಕಣ್ಣಾರೆ ಕಂಡಳು. ಅದೇ ದಿನ ಬೇಲಿಯ ಕೆಳಗೆ ಒಂದು ಗುಂಡಿಯೂ ಕಂಡಿತ್ತು. ಅದು ಮೊಲ ತೋಡಿದ್ದು ಎಂದು ಮಾರ್ಡೆಲ್ ಹೇಳಿದ್ದಳು. ಆಮೇಲೆ ಮೂರು ವಾರ ಊರಿನವರು ಸರದಿಯಲ್ಲಿ ಅವಳ ಮನೆಗೆ ಅಡುಗೆ ಹೊತ್ತರು. ಹಿತ್ತಲಲ್ಲಿ ಹದ್ದಿನ ಚಿತ್ರ ಕೆತ್ತಿದ ಗ್ರಾನೈಟ್ ಕಲ್ಲು ಎದ್ದಿತು. ಡ್ಯೂಕ್‌ನ ಫೋಟೋ ಇರುವ ಅಂಟುಬಿಲ್ಲೆಯನ್ನು ಮನೆಮನೆಗೂ ಹಂಚಿದಳು. ಆರ್ಲಿನ್‌ನ ಫ್ರಿಜ್ಜಿನ ಮೇಲೂ ಒಂದಿತ್ತು. ಬೇಡ ಎನ್ನಲಾಗಿರಲಿಲ್ಲ.

"ಇವತ್ತು ಸಂಜೆ ಐದಕ್ಕೆ ಎರಡನೇ ವರ್ಷದ ಸ್ಮರಣೆ, ಪಾದ್ರಿಗಳೂ ಬರ್ತಾರೆ, ಮರೀಬೇಡ. ನೀನು ಒಲೆಯಲ್ಲಿ ಬೇಯಿಸಿದ ಆಲೂಗಡ್ಡೆ ಹಾಟ್‌ಡಿಶ್ ತರೋದು ಅಂತ ಪಟ್ಟಿಯಲ್ಲಿ ಬರೆದಿದ್ದೀನಿ. ಈಗ ಕೆಲಸ. ಪೀನಟ್ ಬಟರ್ ಎಲ್ಲಿದೆ? ನಿನ್ನ ಹಣೆಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಅದರ ಮೇಲೆ ಬಳೀತೀನಿ. ನಾಯಿ ನಿನ್ನ ಹಣೆ ನೆಕ್ಕುತಾ ಇರತ್ತೆ, ನಾನು ಕತ್ತರಿಸ್ತಾ ಇರ್ತೀನಿ. ಎಲ್ಲರೂ ಹೀಗೇ ಮಾಡೋದು."

ಆರ್ಲಿನ್ ಗಡಿಯಾರ ನೋಡಿದ. ಹನ್ನೊಂದು.

"ಹಾಗೂ..." ಎಂದ. ಉಳಿದದ್ದು ಪ್ಲಾಸ್ಟಿಕ್ ಹಾಳೆಯೊಳಗೆ ಸಿಕ್ಕಿಕೊಂಡಿತು.

ಹಣೆಯ ತುಂಬ ಪೀನಟ್ ಬಟರ್ ಮೆತ್ತಿಕೊಂಡು ಆರ್ಲಿನ್ ನೆಲದ ಮೇಲೆ ಕೂತ ಭಂಗಿ ಯಾವುದೋ ಹರಕೆ ಹೊತ್ತವನಂತಿತ್ತು. ಹತ್ತು ನಿಮಿಷಕ್ಕೆ ಸೋಫಾದ ಅಂಚಿನಲ್ಲಿ ಮೂಗು ಕಂಡಿತು. ಹದಿನೈದಕ್ಕೆ ಮುಖ. ಇಪ್ಪತ್ತಕ್ಕೆ ಮಾಪ್ ಅವನ ಭುಜದ ಮೇಲೆ ಕಾಲಿಟ್ಟು ಹಣೆ ನೆಕ್ಕತೊಡಗಿತು. ಬಿಸಿ ನಾಲಗೆ. ಪ್ರೀತಿಯೋ, ಪೀನಟ್ ಬಟರೋ, ಆರ್ಲಿನ್‌ಗೆ ಕಣ್ಣು ತುಂಬಿ ಬಂತು. ಆಗ ಹಿಂದಿನಿಂದ ಮಾರ್ಡೆಲ್ ಯಂತ್ರದ ಗುಂಡಿ ಒತ್ತಿದಳು.

ಝೂಂಯ್!

ಮಾಪ್ ಮಿಂಚಿನಂತೆ ಸೋಫಾದ ಕೆಳಗೆ. ನಾಯಿಯ ಬೆನ್ನಿಗೆಂದು ಇಳಿದಿದ್ದ ಯಂತ್ರ ಆರ್ಲಿನ್‌ನ ಬಲಗಿವಿಯ ಮೇಲಿಂದ ಹಿಡಿದು ನಡುನೆತ್ತಿಯವರೆಗೆ ಒಂದೇ ಗೆರೆ ಎಳೆಯಿತು.

ಐನೊ ಬಗ್ಗಿ ಆ ಗೆರೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ.

"ಉತ್ತಿದ್ದಾಯ್ತು. ಇನ್ನು ಬಿತ್ತೋದೊಂದೇ ಬಾಕಿ," ಎಂದ ಐನೊ.

"ಅಲ್ಲಾಡಿದ್ದು ನೀನು," ಎಂದಳು ಮಾರ್ಡೆಲ್ ಆರ್ಲಿನ್‌ಗೆ. "ತಡಿ, ಸಮ ಮಾಡ್ತೀನಿ." ಸಮ ಮಾಡುತ್ತ ಮಾಡುತ್ತ ಬಲಭಾಗ ಪೂರಾ ಬೋಳಾಯಿತು. ಎಡಕ್ಕೆ ಬರಬೇಕು ಎನ್ನುವಾಗ ಅವಳ ಫೋನು ಕಿರುಗುಟ್ಟಿತು. "ಅಯ್ಯೋ, ಒಲೆಯಲ್ಲಿ ಕುಂಬಳಕಾಯಿ ಕೇಕು! ಇರು, ಮೂರಕ್ಕೆ ಬರ್ತೀನಿ. ಆ ಜೊಲೀನ್ ಹತ್ರ ನಾನೇ ಮಾತಾಡ್ತೀನಿ. ನೀನು ಬಾಯಿ ಬಿಡಬೇಡ, ನಿನಗೆ ಮಾತು ಬರಲ್ಲ." ಪೆಟ್ಟಿಗೆ ಎತ್ತಿಕೊಂಡು ಹೊರಟಳು. ನಗು ತಡೆಯಲಾರದೆ ಐನೊ ಅವಳಿಗಿಂತ ಮುಂಚೆಯೇ ಜಾಗ ಬಿಟ್ಟಿದ್ದ.

ಮನೆ ನಿಶ್ಶಬ್ದವಾಯಿತು. ಅರ್ಧ ತಲೆ ಬೋಳಾಗಿ, ಹಣೆಯಲ್ಲಿ ಎಣ್ಣೆ ಜಿನುಗುತ್ತ, ಆರ್ಲಿನ್ ಕೂತಲ್ಲೇ ಕೂತ. ಮಾಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಏನೂ ಉಳಿಯದಾಗ ಮನುಷ್ಯ ತಾನು ಬಲ್ಲದ್ದನ್ನು ಮಾಡುತ್ತಾನೆ. ಆರ್ಲಿನ್ ಹಾಸಿಗೆಯ ಮೇಲಿನ ಹಳೆಯ ಹೊದಿಕೆ ತಂದು ನೆಲಕ್ಕೆ ಹಾಸಿದ, ಕತ್ತರಿಯನ್ನು ಒಂದು ಗೇಣು ದೂರದಲ್ಲಿಟ್ಟ, ಪಕ್ಕದಲ್ಲಿ ಚೀಸ್ ಇಟ್ಟ, ಚರ್ಚಿನಲ್ಲಿ ಕಲಿತ ಒಂದು ಹಳೆಯ ರಾಗವನ್ನು ಮೂಗಿನಲ್ಲೇ ಗುನುಗುತ್ತ, ಆಮೇಲೆ ಅದೇ ಕತ್ತರಿ ಎತ್ತಿ ತನ್ನ ಕಾಲುಗುರು ಕತ್ತರಿಸಿಕೊಳ್ಳತೊಡಗಿದ.

ಸೋಫಾದ ಕೆಳಗಿನಿಂದ ಎರಡು ಕಣ್ಣು ಆ ಬೋಳು ಭಾಗವನ್ನೇ ನೋಡಿದವು. ಈ ಪ್ರಾಣಿಗೂ ನನ್ನ ಗತಿಯೇ ಬಂತಲ್ಲ ಎಂದುಕೊಂಡಿತೋ ಏನೋ, ಮಾಪ್ ಮೆಲ್ಲನೆ ಹೊರಗೆ ಬಂದು ಅವನ ಪಾದದ ಮೇಲೆ ಗಲ್ಲವಿಟ್ಟಿತು.

ಅವನದೊಂದು ಉಗುರು, ಅದರದೊಂದು ಉಗುರು. ಮಾಪ್ ಮುಖ ಆಚೆ ತಿರುಗಿಸಿದರೆ ಅವನ ಕೈ ಹಿಂದಕ್ಕೆ. ಮುಖ ಇತ್ತ ತಂದರೆ ಕೈ ಮುಂದಕ್ಕೆ. ಅವಸರವಿಲ್ಲ, ಬಲವಂತವಿಲ್ಲ. ಚರ್ಮಕ್ಕೂ ಕತ್ತರಿಗೂ ನಡುವೆ ಬಾಚಣಿಗೆ ಹಿಡಿದು, ಹಬೆಗೆ ಮೆತ್ತಗಾಗಿದ್ದ ಕಂಕುಳ ಗಂಟನ್ನು ಎಳೆ ಎಳೆಯಾಗಿ ಬಿಡಿಸಿದ. ಗಂಟು ಕಳಚಿ ಬಿದ್ದಾಗ ಮಾಪ್ ಒಂದು ದೀರ್ಘ ಉಸಿರು ಬಿಟ್ಟಿತು. ಎಷ್ಟು ದಿನದಿಂದ ಹಿಡಿದಿಟ್ಟ ಉಸಿರೋ! ಉಳಿದ ಜಡೆಯನ್ನೂ ಹಾಗೇ ಬಿಡಿಸಿ, ಬೆಚ್ಚಗಿನ ಒದ್ದೆ ಬಟ್ಟೆಯಲ್ಲಿ ಒರೆಸಿದ. ಕಂದು ಬೂದಿಯಾಯಿತು, ಬೂದಿ ಬಿಳಿಯಾಯಿತು. ಎರಡೂವರೆಗೆ ಹದಿನೆಂಟನೆಯ ಉಗುರು ಲೋಟಕ್ಕೆ ಬಿತ್ತು. ಆರ್ಲಿನ್ ಸುಮ್ಮನೆ ಕಣ್ಣು ಮುಚ್ಚಿ ದೇವರಿಗೆ ಕೃತಜ್ಞತೆ ಹೇಳಿದ.

ಕಣ್ಣು ತೆರೆದಾಗ ಎದುರಿಗೆ ಒಂದು ಬಿಳೀ ನಾಯಿ ಕೂತಿತ್ತು. ಅದರ ಎಡಗಿವಿಯ ಒಳಗೆ ಹುಣಸೆ ಬೀಜದಷ್ಟು ದೊಡ್ಡ ಕರೀ ಮಚ್ಚೆ.

ಇದನ್ನು ಎಲ್ಲಿ ನೋಡಿದ್ದೇನೆ? ಹಾಲು ತೆಗೆಯಲು ಫ್ರಿಜ್ಜಿನ ಹತ್ತಿರ ಹೋದವನ ಕೈ ಹಿಡಿಯ ಮೇಲೇ ನಿಂತುಹೋಯಿತು. ಅಂಟುಬಿಲ್ಲೆಯ ಮೇಲೆ, ರಿಬ್ಬನ್ನು ಕಟ್ಟಿಕೊಂಡು, ಡ್ಯೂಕ್ ಕೂತಿದ್ದ. ಎಡಗಿವಿಯಲ್ಲಿ ಹುಣಸೆ ಬೀಜ.

ಆರ್ಲಿನ್ ಬಿಲ್ಲೆ ನೋಡಿದ, ನಾಯಿ ನೋಡಿದ. ಮತ್ತೆ ಬಿಲ್ಲೆ ನೋಡಿದ. ಹದ್ದೂ ಇಲ್ಲ, ಗಿದ್ದೂ ಇಲ್ಲ. ಶನಿವಾರ, ಒಂಬತ್ತಕ್ಕೆ ಐದು ನಿಮಿಷ! ಆ ಗುಂಡಿ ತೋಡಿದ ಮೊಲ ಯಾವುದು ಎಂದು ಅವನಿಗೀಗ ಗೊತ್ತಾಯಿತು. ತನ್ನ ಕೈಯಾರೆ, ಎಳೆ ಎಳೆಯಾಗಿ, ಹದಿನಾಲ್ಕು ದಿನ ಕಷ್ಟಪಟ್ಟು ಮಾಪ್‌ನೊಳಗಿಂದ ಪಕ್ಕದ ಮನೆಯವಳ ನಾಯಿಯನ್ನು ಹೊರಗೆ ತೆಗೆದಿದ್ದ!

ಬಾಗಿಲು ಬಡಿಯಿತು. ಬಿಲ್ಲೆಯನ್ನು ಕಿತ್ತು ಫ್ರೀಜರಿನಲ್ಲಿ ಹೆಪ್ಪುಗಟ್ಟಿದ ಮೀನಿನ ಹಿಂದೆ ತುರುಕಿದ.

ಜೊಲೀನ್ ಕಾಗದದ ಫೈಲು ಹಿಡಿದು, ಮಾರ್ಡೆಲ್ ಕೇಕಿನ ತಟ್ಟೆ ಹಿಡಿದು ಒಟ್ಟಿಗೇ ಒಳಗೆ ಬಂದರು.

"ಅಮ್ಮಾ! ಇದು ಮಾಪ್‌ ಏನ್ರೀ?" ಜೊಲೀನ್ ಬಾಯಿ ಬಿಟ್ಟಳು. "ಕಂಕುಳು ನೋಡಿ, ಒಂದು ಗೀರಿಲ್ಲ! ಉಗುರೂ ಆಗಿದೆ. ಏನು ಮಾಡಿದ್ರಿ ಆರ್ಲಿನ್ ಅವರೇ?" ಆಮೇಲೆ ಅವನ ತಲೆ ನೋಡಿ, ಊರಿನ ಮರ್ಯಾದೆಗೆ ತಕ್ಕಂತೆ, "ಕ್ಷೌರ... ಚೆನ್ನಾಗಿದೆ. ಗಾಳಿ ಆಡತ್ತೆ," ಎಂದಳು.

"ನಾನು ಬುನಾದಿ ಹಾಕಿಕೊಟ್ಟು ಹೋಗಿದ್ದೆ," ಎಂದಳು ಮಾರ್ಡೆಲ್. ನಾಯಿಯ ಕಡೆ ಒಂದು ಕಣ್ಣು ಹಾಯಿಸಿದಳು. "ಪರವಾಗಿಲ್ಲ. ಬಿಳೀ ನಾಯಿಗಳೆಲ್ಲ ನೋಡೋಕೆ ಒಂದೇ ಥರ. ನನ್ನ ಡ್ಯೂಕ್‌ನ ಲಕ್ಷಣ ಬರಬೇಕಾದ್ರೆ ಏಳು ಜನ್ಮ ಎತ್ತಬೇಕು."

ಮಾಪ್ ಆರ್ಲಿನ್‌ನ ಕಾಲುಗಳ ನಡುವೆ ನುಸುಳಿ ನಡುಗಿತು. ಆರ್ಲಿನ್ ಮೆಲ್ಲನೆ ಬಗ್ಗಿ ಅದರ ಎಡಗಿವಿಯನ್ನು ಕೈಯಲ್ಲಿ ಮುಚ್ಚಿ ಹಿಡಿದ.

"ಕಿವಿಗೇನಾಯ್ತು?" ಎಂದಳು ಜೊಲೀನ್.

"ಕಿವಿ... ತಣ್ಣಗಿದೆ. ಬೆಚ್ಚಗೆ ಮಾಡ್ತಿದ್ದೀನಿ."

"ಎಷ್ಟು ಮಮತೆ!" ಎಂದು ಜೊಲೀನ್ ಬರೆದುಕೊಂಡಳು. "ಸರಿ, ಎಲ್ಲಿ, ಸಹಿ ಮಾಡಿಬಿಡೋಣ."

"ಮೊದಲು ಕಾಫಿ, ಕೇಕು," ಎಂದಳು ಮಾರ್ಡೆಲ್. ಬೇಡ ಎನ್ನುವುದುಂಟೇ? ಜೊಲೀನ್ ಕೂಡ ಅದೇ ಜಿಲ್ಲೆಯವಳು. ಎಲ್ಲರೂ ಮೇಜಿಗೆ ಕೂತರು. ಆರ್ಲಿನ್ ಒಂದು ಕೈ ಮೇಜಿನ ಮೇಲೆ, ಒಂದು ಕೈ ಕಿವಿಯ ಮೇಲೆ. ಇನ್ನೊಂದು ಕಾಲು ಗಂಟೆ ದೇವರೇ, ಒಂದು ಸಹಿ, ಅಷ್ಟೇ.

ಮಾರ್ಡೆಲ್ ಕಣ್ಣು ಮುಚ್ಚಿ ಕೈ ಜೋಡಿಸಿ, ಸಂಘದ ಸಭೆಯಲ್ಲಿ ಹೇಳುವ ಗಟ್ಟಿ ಗಂಟಲಲ್ಲಿ, ಊಟದ ಪ್ರಾರ್ಥನೆ ಶುರು ಮಾಡಿದಳು.

"ಬಾ ಕರ್ತನೇ, ನಮ್ಮ ಅತಿಥಿಯಾಗಿ ಬಾ..."

ಆರ್ಲಿನ್‌ನ ಕೈಯಿಂದ ಕಿವಿ ಜಾರಿತು. ಮಾಪ್ ಹಿಂಗಾಲ ಮೇಲೆ ಎದ್ದು ನಿಂತಿತು. ಮುಂದಿನ ಎರಡು ಪಾದ ಜೋಡಿಸಿತು. ತಲೆ ತಗ್ಗಿಸಿತು.

ಕಾಫಿಯ ವಾಸನೆಗೆ ಅರ್ಧ ಕಣ್ಣು ತೆರೆದ ಮಾರ್ಡೆಲ್‌ಳ ಪ್ರಾರ್ಥನೆ ಅಲ್ಲೇ ನಿಂತಿತು. ಅವಳು ಆ ಪಾದಗಳನ್ನು ನೋಡಿದಳು. ಆ ಕಿವಿ ನೋಡಿದಳು. ಮುಖದ ಬಣ್ಣವೆಲ್ಲ ಇಳಿದುಹೋಯಿತು. ತುಟಿ ಸದ್ದಿಲ್ಲದೆ 'ಡ್ಯೂ' ಎಂಬ ಆಕಾರಕ್ಕೆ ಬಂದದ್ದನ್ನು ಆರ್ಲಿನ್ ಸ್ಪಷ್ಟವಾಗಿ ಕಂಡ. ಮುಗಿಯಿತು ಎಂದುಕೊಂಡ.

ಮಾರ್ಡೆಲ್ ಕಿಟಕಿಯತ್ತ ತಿರುಗಿದಳು. ಅಲ್ಲಿಂದ ಅವಳ ಹಿತ್ತಲು ಕಾಣುತ್ತಿತ್ತು: ಹದ್ದು ಕೆತ್ತಿದ ಗ್ರಾನೈಟ್ ಕಲ್ಲು, ಸಾಲಾಗಿ ಜೋಡಿಸಿದ ಮೂವತ್ತು ಮಡಚು ಕುರ್ಚಿ, ಪಾದ್ರಿಗಳಿಗೆಂದು ಇಟ್ಟ ಕೈಯಿರುವ ಕುರ್ಚಿ. ಮೂರು ವಾರ ಊರು ಹೊತ್ತು ತಂದ ಅಡುಗೆ. ಎರಡು ವರ್ಷದ ಕಣ್ಣೀರು. ಕಣ್ಣಾರೆ ಕಂಡ ಹದ್ದು. ಮತ್ತು ಈಗ, ಹದ್ದಿನ ಕೈಯಿಂದಲ್ಲ, ತನ್ನ ಕೈಯಿಂದ ತಪ್ಪಿಸಿಕೊಂಡು ಎಪ್ಪತ್ತು ಮೈಲಿ ಓಡಿದ ನಾಯಿ.

"ಆಮೆನ್," ಎಂದಳು. ಮಾಪ್ ಕೆಳಗಿಳಿಯಿತು.

"ಅಯ್ಯೋ, ಎಷ್ಟು ಮುದ್ದು! ಇದನ್ನೂ ನೀವೇ ಕಲಿಸಿದ್ರಾ ಆರ್ಲಿನ್ ಅವರೇ?" ಎಂದಳು ಜೊಲೀನ್.

ಆಮೆನ್ ಅಂದು ಅರ್ಧ ನಿಮಿಷವೂ ಆಗಿರಲಿಲ್ಲ. ಆರ್ಲಿನ್ ಹೌದೆಂದು ತಲೆಯಾಡಿಸಿದ. ಜೀವನದಲ್ಲಿ ಅವನು ಹೇಳಿದ ಎರಡನೆಯ ಸುಳ್ಳು; ಮೊದಲನೆಯದು ಕಿವಿ ತಣ್ಣಗಿದೆ ಎಂದದ್ದು.

"ಈಗಿನ ನಾಯಿಗಳೆಲ್ಲ ಹೀಗೇ," ಎಂದಳು ಮಾರ್ಡೆಲ್ ಕೇಕು ಕತ್ತರಿಸುತ್ತ. "ಟೀವಿ ನೋಡಿ ಕಲೀತಾವೆ."

ಆರ್ಲಿನ್‌ಗೆ ಮೈಯೆಲ್ಲ ಹಗುರವಾಯಿತು. ಇವಳು ಬಾಯಿ ಬಿಡುವುದಿಲ್ಲ! ಬಿಟ್ಟರೆ ಹದ್ದು ಹಾರಿಹೋಗುತ್ತದೆ. ಜೊಲೀನ್ ಕಾಗದ ಮುಂದಿಟ್ಟಳು. ಆರ್ಲಿನ್ ಪೆನ್ನು ಎತ್ತಿಕೊಂಡ.

"ಒಂದು ನಿಮಿಷ," ಎಂದಳು ಮಾರ್ಡೆಲ್. ಬಣ್ಣ ಮುಖಕ್ಕೆ ಮರಳಿತ್ತು. "ಕಾಗದದಲ್ಲಿ ಇನ್ನೊಂದು ಸಾಲು ಸೇರಿಸಬಹುದಾ ಜೊಲೀನ್? ಪಾದದ ಸುತ್ತ ನೋಡಿ, ಏರುಪೇರು. ಆರ್ಲಿನ್ ಒಂಟಿ ಗಂಡಸು, ತನ್ನ ತಲೆಯನ್ನೇ ನೋಡಿಕೊಳ್ಳೋಕೆ ಬರಲ್ಲ, ನೀವೇ ನೋಡ್ತಿದ್ದೀರಿ. ಈ ಜಾತಿ ನಾಯಿಗೆ ವಾರಕ್ಕೊಮ್ಮೆ ಆರೈಕೆ ಬೇಕು. ನನಗೆ ಅನುಭವ ಇದೆ. ಪ್ರತಿ ಶನಿವಾರ ಒಂಬತ್ತರಿಂದ ಒಂದರವರೆಗೆ ನಾನೇ ಬರ್ತೀನಿ. ಪೆಟ್ಟಿಗೆಯೂ ಇದೆ."

"ಆರ್ಲಿನ್ ಅವರೇ, ಎಂಥ ಪುಣ್ಯ ಮಾಡಿದ್ದೀರಿ ಇಂಥ ನೆರೆಯವರನ್ನು ಪಡೆಯೋಕೆ!" ಎಂದು ಜೊಲೀನ್ ಬರೆದೇಬಿಟ್ಟಳು. "ಒಪ್ಪಿಗೆಯಾ?"

ಆರ್ಲಿನ್ ಮಾರ್ಡೆಲ್‌ಳನ್ನು ನೋಡಿದ. ಮಾರ್ಡೆಲ್ ಆರ್ಲಿನ್‌ನನ್ನು ನೋಡಿ ನಕ್ಕಳು. 'ಬೇಡ' ಎಂದರೆ ಈ ನಾಯಿ ಯಾರದು ಎಂಬ ಮಾತು ಏಳುತ್ತದೆ. ಎದ್ದರೆ ಅವಳ ಹದ್ದು ಹೋಗುತ್ತದೆ, ಅವನ ನಾಯಿಯೂ ಹೋಗುತ್ತದೆ. ಕಾಲ ಮೇಲಿದ್ದ ಗಲ್ಲ ಬೆಚ್ಚಗಿತ್ತು.

"ಹಾಗೂ ಮಾಡಬಹುದು," ಎಂದ.

ಐದಕ್ಕೆ ಸ್ಮರಣೆ. ಮಾಪ್ ಅನ್ನೂ ಕರೆತರಲೇಬೇಕೆಂದು ಮಾರ್ಡೆಲ್ ಹಟ ಹಿಡಿದಿದ್ದಳು. ಕಿವಿಗೊಂದು ನೀಲಿ ರಿಬ್ಬನ್ನನ್ನೂ ತಾನೇ ಕಟ್ಟಿದಳು, ಮಚ್ಚೆ ಮುಚ್ಚುವಂತೆ. ಹಾಟ್‌ಡಿಶ್ ಮಾಡಲು ಹೊತ್ತು ಸಿಗದೆ ಆರ್ಲಿನ್ ಆಲೂಗಡ್ಡೆ ಚಿಪ್ಸಿನ ಪೊಟ್ಟಣ ತಂದಿದ್ದ. ಅದನ್ನು ನೋಡಿ ಹೆಂಗಸರು "ಒಳ್ಳೇದೇ, ತೊಳೆಯೋ ಪಾತ್ರೆ ಇಲ್ಲ" ಎಂದರು. ಅರ್ಧ ತಲೆ ಮುಚ್ಚಲು ಹಾಕಿದ್ದ ಟೋಪಿಯನ್ನು ಪಾದ್ರಿಗಳ ಮುಂದೆ ತೆಗೆಯಬೇಕಾಯಿತು. ಐನೊ ಕೆಮ್ಮುವ ನೆವದಲ್ಲಿ ಗ್ಯಾರೇಜಿನ ಹಿಂದೆ ಹೋಗಿ ಬಂದ.

ಕಲ್ಲಿನ ಮುಂದೆ ನಿಂತು ಮಾರ್ಡೆಲ್ ಕತೆ ಹೇಳಿದಳು. ಹೋದ ವರ್ಷ ಆರಡಿ ಇದ್ದ ಹದ್ದಿನ ರೆಕ್ಕೆ ಈ ವರ್ಷ ಒಂಬತ್ತಡಿಯಾಗಿತ್ತು. "ಕೊನೆಯ ಸಲ ಅವನು ನನ್ನನ್ನು ತಿರುಗಿ ನೋಡಿದ ನೋಟ..." ಎಂದಾಗ ಹೆಂಗಸರು ಮೂಗೊರೆಸಿಕೊಂಡರು. ಡ್ಯೂಕ್ ತನ್ನದೇ ಕಲ್ಲಿನ ಬುಡವನ್ನು ಮೂಸಿ, ಕಾಲೆತ್ತಿ, ತಾನು ಮಾಡಬೇಕಾದ್ದನ್ನು ಮಾಡಿತು.

"ಪ್ರಾರ್ಥಿಸೋಣ," ಎಂದರು ಪಾದ್ರಿಗಳು. ಮೂವತ್ತು ತಲೆ ಬಾಗಿದವು. ಮೂವತ್ತು ಜೊತೆ ಕೈ ಕೂಡಿಕೊಂಡವು. "ಬಾ ಕರ್ತನೇ..."

ಮಾಪ್ ಹಿಂಗಾಲ ಮೇಲೆ ಏಳತೊಡಗಿತು.

ಆರ್ಲಿನ್ ಗಬಕ್ಕನೆ ಕುಕ್ಕರಿಸಿ ಅದರ ಎರಡು ಮುಂಗಾಲನ್ನೂ ಹಿಡಿದ. ಒಂದನ್ನು ಬಲಕ್ಕೆ, ಒಂದನ್ನು ಎಡಕ್ಕೆ. ಮಾಪ್ ಜೋಡಿಸಲು ಎಳೆಯಿತು, ಆರ್ಲಿನ್ ಬಿಡಿಸಲು ಎಳೆದ. ಆಮೆನ್ ಎಂದು ಕಣ್ಣು ತೆರೆದ ಪಾದ್ರಿಗಳಿಗೆ ಕಂಡದ್ದು ಇಷ್ಟು: ಇಡೀ ಸಭೆ ಕೈ ಮುಗಿದು ನಿಂತಿರುವಾಗ, ಒಬ್ಬನೇ ಒಬ್ಬ, ಅರ್ಧ ತಲೆ ಬೋಳಿಸಿಕೊಂಡವನು, ನಾಯಿಯೊಂದಿಗೆ ಕುಣಿಯುತ್ತಿದ್ದಾನೆ.

"ಆರ್ಲಿನ್, ನಾಳೆ ಆರಾಧನೆ ಮುಗಿದ ಮೇಲೆ ಒಂಚೂರು ನಿಲ್ಲು," ಎಂದರು ಮೆಲ್ಲಗೆ. "ಏನಾದ್ರೂ ಮನಸ್ಸಿನಲ್ಲಿದ್ರೆ ಮಾತಾಡೋಣ."

"ಒಂಟಿ ಜೀವ ಅಲ್ವೇ ಪಾದ್ರಿಗಳೇ," ಎಂದಳು ಮಾರ್ಡೆಲ್ ನಿಟ್ಟುಸಿರು ಬಿಟ್ಟು. "ಶನಿವಾರ ಶನಿವಾರ ನಾನು ಹೋಗಿ ನೋಡಿಕೊಳ್ತೀನಿ. ಎಡಗಡೆ ತಲೆಯೂ ಬಾಕಿ ಇದೆ."

ಜನ ಕೇಕಿನ ಮೇಜಿಗೆ ಸರಿದರು. ಆರ್ಲಿನ್ ಮಾಪ್ ಜೊತೆ ಬೇಲಿಯ ಹತ್ತಿರ ಒಬ್ಬನೇ ನಿಂತ. ಹುಲ್ಲು ಬೆಳೆದು ಅರ್ಧ ಮುಚ್ಚಿದ್ದ ಆ ಹಳೆಯ ಗುಂಡಿ ಅಲ್ಲೇ ಇತ್ತು. ಮಾಪ್ ಅದನ್ನು ನೋಡಿತು, ತಲೆಯೆತ್ತಿ ಆರ್ಲಿನ್‌ನನ್ನು ನೋಡಿತು.

ಆರ್ಲಿನ್ ಸುತ್ತ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು ಬಗ್ಗಿ, ಗುಂಡಿಯ ಅಗಲವನ್ನು ಗೇಣಿನಲ್ಲಿ ಅಳೆದ. ಆಮೇಲೆ ತನ್ನ ಹೊಟ್ಟೆಯನ್ನು ಅಳೆದುಕೊಂಡ.

ಇನ್ನೆರಡು ಗೇಣು ತೋಡಬೇಕಿತ್ತು. ಶನಿವಾರಕ್ಕೆ ಇನ್ನೂ ಏಳು ದಿನ ಇತ್ತು.